ಕೌಟಿಲ್ಯನ ಮಂಡಲವೂ ಅಂತರರಾಷ್ಟ್ರೀಯ ರಾಜನೀತಿಯ ಪಾಠವೂ

ಕ್ರಿ.ಶ. ೧೯೦೫ನೆಯ ಇಸವಿಯಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯ ತಾಳೆಯೋಲೆಯ ಕಟ್ಟೊಂದನ್ನು ಮೈಸೂರಿನ ಸರಕಾರದ ಪ್ರಾಚ್ಯಪುಸ್ತಕಭಾಂಡಾಗಾರಕ್ಕೆ ಒಪ್ಪಿಸಿದರು. ಅದನ್ನು ಬಿಚ್ಚಿ ನೋಡಿದ ರುದ್ರಪಟ್ಟಣದ ಶಾಮಶಾಸ್ತ್ರಿಗಳಿಗೆ, ಅಲ್ಲಿಯವರೆಗೆ ದಂಡಿ, ಬಾಣ ಮೊದಲಾದ ಕವಿಗಳ ಮಾತಿನಿಂದ ಮಾತ್ರವೇ ಪಂಡಿತಲೋಕಕ್ಕೆ ಪರಿಚಿತವಾಗಿದ್ದ ಕೌಟಿಲೀಯ ಅರ್ಥಶಾಸ್ತ್ರವು ಕೈಸೇರಿತು. ೧೯೦೯ರಲ್ಲಿ ಮೂಲವೂ, ೧೯೧೫ರಲ್ಲಿ ಫ್ಲೀಟ್ ಮಹಾಶಯರ ಪ್ರಸ್ತಾವನೆಯೊಡನೆ ಇಂಗ್ಲಿಷ್ ಅನುವಾದವೂ ಅಚ್ಚಾದುವು. ಈ ಕಥೆಯು ವಾಚಕರಿಗೆ ತಿಳಿಯದುದಲ್ಲ. ಆದರೆ ಆ ಓಲೆಯ ಕಟ್ಟು ಮೈಸೂರಿನಿಂದ ಹೊರಟು, ಇಂದು ಅನೇಕ ದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ಅಂತರರಾಷ್ಟ್ರೀಯ ಸಂಬಂಧಗಳೆಂಬ ಶಾಸ್ತ್ರದ ಪಠ್ಯಕ್ರಮದೊಳಗೆ ಹೇಗೆ ಕುಳಿತಿದೆ, ಕುಳಿತಿರುವ ಸ್ಥಳವು ಅದಕ್ಕೆ ಸಲ್ಲುವುದೇ ಎಂಬುದನ್ನು ನಮ್ಮಲ್ಲಿ ವಿಚಾರಿಸಿದವರು ವಿರಳ. ಭಾಷಾಸಾಹಿತ್ಯಗಳನ್ನು ಬೋಧಿಸುವವರಿಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ಒಂದು ಗ್ರಂಥವನ್ನು ತಪ್ಪಾಗಿ ಓದಿಸಲಾಗುತ್ತಿರುವಾಗ, ಆ ತಪ್ಪು ಯಾವ ಇಲಾಖೆಯದಾದರೂ, ಗ್ರಂಥವನ್ನು ಓದಬಲ್ಲವರು ಸುಮ್ಮನಿರುವುದು ಯುಕ್ತವಲ್ಲವೆಂಬುದೇ ನನ್ನ ಸಮಾಧಾನ.

ಕೆಲವು ವರ್ಷಗಳ ಹಿಂದೆ ಈ ವಿಷಯದ ಉತ್ತರಪತ್ರಿಕೆಗಳನ್ನು ನೋಡುವ ಸಂದರ್ಭವು ನನಗೆ ಒದಗಿತ್ತು. ಕೌಟಿಲ್ಯನ ಮಂಡಲಸಿದ್ಧಾಂತವನ್ನು ವಿವರಿಸಿರೆಂಬುದು ಪ್ರಶ್ನೆ. ಬಹುಮಟ್ಟಿಗೆ ಎಲ್ಲ ವಿದ್ಯಾರ್ಥಿಗಳೂ ಒಂದರ ಸುತ್ತ ಒಂದರಂತೆ ವೃತ್ತಗಳನ್ನು ಬರೆದು, ನೆರೆಯವನು ಶತ್ರು, ಶತ್ರುವಿನ ನೆರೆಯವನು ಮಿತ್ರ ಎಂದು ಹೇಳಿ, ಉದಾಹರಣೆಗೆ ಭಾರತ, ಪಾಕಿಸ್ತಾನ, ಅಫಘಾನಿಸ್ತಾನಗಳ ಹೆಸರುಗಳನ್ನು ತುಂಬಿದ್ದರು. ಒಬ್ಬ ವಿದ್ಯಾರ್ಥಿಯು ಮಾತ್ರ ಚಿತ್ರದ ಕೆಳಗೆ, ಸಣ್ಣ ಅಕ್ಷರದಲ್ಲಿ, ಭೂತಾನವು ಇದಕ್ಕೆ ಹೊರತಾಗಿ ಕಾಣುತ್ತದೆಯೆಂದು ಸೇರಿಸಿದ್ದನು. ನನ್ನ ಕೈಗಿತ್ತಿದ್ದ ಮಾದರಿ ಉತ್ತರದಲ್ಲಿ ಆ ಒಂದು ಸಾಲಿಗೆ ಅಂಕವಿರಲಿಲ್ಲ. ಇಡೀ ಕಟ್ಟಿನಲ್ಲಿ ಕೌಟಿಲ್ಯನಿಗೆ ಎಲ್ಲರಿಗಿಂತ ಸಮೀಪನಾಗಿದ್ದವನು ಆ ಹುಡುಗನೇ ಎಂಬುದನ್ನು ಮುಂದೆ ತೋರಿಸುವೆನು.

ಮೊದಲು ಈ ಶಾಸ್ತ್ರದ ಹುಟ್ಟನ್ನು ನೋಡಬೇಕು. ಮೊದಲನೆಯ ಮಹಾಯುದ್ಧವು ಮುಗಿದೊಡನೆ, ೧೯೧೯ರಲ್ಲಿ, ವೇಲ್ಸ್ ದೇಶದ ಅಬರಿಸ್ಟ್ವಿತ್ ಎಂಬ ಊರಿನ ಕಾಲೇಜಿನಲ್ಲಿ ಡೇವಿಡ್ ಡೇವೀಸ್ ಎಂಬ ಶ್ರೀಮಂತರ ದತ್ತಿಯಿಂದ ಅಂತರರಾಷ್ಟ್ರೀಯ ರಾಜನೀತಿಗೆ ಮೊದಲ ಪ್ರಾಧ್ಯಾಪಕಪೀಠವು ಸ್ಥಾಪಿತವಾಯಿತು. ಅಮೆರಿಕಾದ ಅಧ್ಯಕ್ಷ ವುಡ್ರೋ ವಿಲ್ಸನರ ಹೆಸರನ್ನು ಅದಕ್ಕಿಟ್ಟರು. ಯುದ್ಧದ ಕಾರಣಗಳನ್ನು ಅರಿತು ಯುದ್ಧವನ್ನು ತಪ್ಪಿಸುವುದೇ ಪೀಠದ ಉದ್ದೇಶ. ಅದೇ ವರುಷದ ಜನವರಿಯಲ್ಲಿ ಮ್ಯೂನಿಕ್ ನಗರದಲ್ಲಿ ಮ್ಯಾಕ್ಸ್ ವೇಬರ್ ಪಂಡಿತನು ರಾಜಕಾರಣವೆಂಬ ವೃತ್ತಿಯನ್ನು ಕುರಿತು ಮಾಡಿದ ಪ್ರಸಿದ್ಧ ಉಪನ್ಯಾಸದಲ್ಲಿ, ಅರ್ಥಶಾಸ್ತ್ರದ ಮುಂದೆ ಮ್ಯಾಕಿಯಾವೆಲ್ಲಿಯ ಗ್ರಂಥವು ನಿರುಪದ್ರವಿಯೆಂಬ ಅಭಿಪ್ರಾಯವನ್ನು ಸೂಚಿಸಿದನು. ಅದೇ ವರುಷವೇ ಬಿನಯಕುಮಾರ ಸರಕಾರರು ಅಂತರರಾಷ್ಟ್ರೀಯ ಸಂಬಂಧಗಳ ಹಿಂದೂ ಸಿದ್ಧಾಂತವೆಂಬ ವಿಷಯವಾಗಿ ಅಮೆರಿಕಾದ ರಾಜ್ಯಶಾಸ್ತ್ರ ಪರಿಷತ್ತಿನ ಪತ್ರಿಕೆಯಲ್ಲಿ ದೀರ್ಘಲೇಖನವನ್ನು ಬರೆದರು. ಈ ಮೂರೂ ಒಂದೇ ವರುಷದಲ್ಲಿ ನಡೆದುದು ಕಾಕತಾಳೀಯವೇ ಇರಬಹುದು. ಆದರೆ ಮೂರರಲ್ಲಿ ವೇಬರನ ಮಾತೇ ಗೆದ್ದಿತು. ಸರಕಾರರು ಮಂಡಲದ ಜೊತೆಗೆ ಸಾರ್ವಭೌಮತತ್ತ್ವವನ್ನೂ ಇಟ್ಟು, ಕಲಹದ ತರ್ಕವನ್ನೂ ಶಾಂತಿಯ ತರ್ಕವನ್ನೂ ಒಟ್ಟಿಗೆ ಪರಿಶೀಲಿಸಿದ್ದರು. ಅದನ್ನು ಈಗ ಯಾರೂ ಅಷ್ಟಾಗಿ ಓದುವುದಿಲ್ಲ.

ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ, ೧೯೩೯ರಲ್ಲಿ, ಅದೇ ಅಬರಿಸ್ಟ್ವಿತ್ ಪೀಠದಲ್ಲಿದ್ದ ಇ. ಎಚ್. ಕಾರ್ ಪಂಡಿತನು ಆದರ್ಶವಾದವನ್ನು ಖಂಡಿಸಿ ಬರೆದನು. ೧೯೪೮ರಲ್ಲಿ ಹಾನ್ಸ್ ಮಾರ್ಗೆಂಥೋ ಪಂಡಿತನ ಗ್ರಂಥವು ಹೊರಬಂದಿತು. ವಾಸ್ತವವಾದವೆಂಬ ಪಂಥವು ಪ್ರಬಲವಾಯಿತು. ಹೊಸದಾಗಿ ಹಣಮಾಡಿದ ಮನೆತನವು ವಂಶಾವಳಿಯನ್ನು ಬರೆಯಿಸುವುದು ಲೋಕರೂಢಿಯಷ್ಟೆ. ಈ ಪಂಥವೂ ಗ್ರೀಸಿನ ಥ್ಯುಸಿಡಿಡೀಸ್, ಇಟಲಿಯ ಮ್ಯಾಕಿಯಾವೆಲ್ಲಿ, ಇಂಗ್ಲೆಂಡಿನ ಹಾಬ್ಸ್ ಇವರನ್ನು ಪಿತೃಗಳ ಸ್ಥಾನದಲ್ಲಿ ಕೂರಿಸಿಕೊಂಡಿತು. ಪೂರ್ವದೇಶದಿಂದಲೂ ಒಬ್ಬನಿದ್ದರೆ ವಾದವು ಸಾರ್ವತ್ರಿಕವೆನಿಸುವುದಲ್ಲವೆ? ಹಾಗೆ ನಾಲ್ಕನೆಯ ಪೀಠವು ಕೌಟಿಲ್ಯನಿಗೆ ದೊರೆಯಿತು. ೧೯೬೪ರಲ್ಲಿ ಜಾರ್ಜ್ ಮಾಡೆಲ್ಸ್ಕಿ ಬರೆದ ಲೇಖನವು ಗಂಭೀರವಾದುದೇ. ೨೦೦೨ರಲ್ಲಿ ರಾಜರ್ ಬೋಷೆ ಕೌಟಿಲ್ಯನನ್ನು ಮೊದಲ ಮಹಾ ವಾಸ್ತವವಾದಿಯೆಂದೇ ತಮ್ಮ ಪುಸ್ತಕದ ಶಿರೋನಾಮದಲ್ಲಿ ಕರೆದರು. ೨೦೧೪ರಲ್ಲಿ ಹೆನ್ರಿ ಕಿಸಿಂಜರರೂ ತಮ್ಮ ಗ್ರಂಥದಲ್ಲಿ ಅವನಿಗೆ ಕೆಲವು ಪುಟಗಳನ್ನಿತ್ತರು. ಮಾನ್ಯತೆಯು ಬಂದಿತು, ಅದರ ಬೆಲೆಯಾಗಿ ಗ್ರಂಥವು ಒಂದು ಚಿತ್ರವಾಗಿ ಕುಗ್ಗಿತು.

ಚಿತ್ರಕ್ಕೆ ಆಧಾರವೆಲ್ಲಿದೆ? ಹದಿನೈದು ಅಧಿಕರಣಗಳ ಗ್ರಂಥದಲ್ಲಿ ಆರನೆಯದು ಮಂಡಲಯೋನಿ. ಅದರಲ್ಲಿ ಇರುವುವು ಎರಡೇ ಅಧ್ಯಾಯಗಳು. ಮೊದಲನೆಯದರಲ್ಲಿ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಏಳು ಪ್ರಕೃತಿಗಳ ಗುಣಗಳು ಹೇಳಲ್ಪಟ್ಟಿವೆ. ಎರಡನೆಯದರಲ್ಲಿ ವಿಜಿಗೀಷುವಿನ ಮುಂದೆ ಅರಿ, ಮಿತ್ರ, ಅರಿಮಿತ್ರ, ಮಿತ್ರಮಿತ್ರ, ಅರಿಮಿತ್ರಮಿತ್ರ. ಹಿಂದೆ ಪಾರ್ಷ್ಣಿಗ್ರಾಹ, ಆಕ್ರಂದ, ಅವರಿಬ್ಬರ ಆಸಾರರು. ಇಬ್ಬರ ಗಡಿಗೂ ತಾಗಿ ಇಬ್ಬರಿಗಿಂತ ಬಲಶಾಲಿಯಾದ ಮಧ್ಯಮ. ಇವರೆಲ್ಲರ ಹೊರಗಿನ ಉದಾಸೀನ. ಹೀಗೆ ಹನ್ನೆರಡು ರಾಜರ ಎಣಿಕೆಯಿದೆ. ಪಾಠಪುಸ್ತಕವು ಇಲ್ಲಿಗೆ ನಿಲ್ಲುತ್ತದೆ. ಆದರೆ ಕೌಟಿಲ್ಯನು ನಿಲ್ಲುವುದಿಲ್ಲ. ಪ್ರತಿಯೊಬ್ಬ ರಾಜನಿಗೂ ಅಮಾತ್ಯಾದಿಗಳಾದ ಐದು ದ್ರವ್ಯಪ್ರಕೃತಿಗಳನ್ನು ಕೂಡಿಸಿ, ಒಟ್ಟು ಎಪ್ಪತ್ತೆರಡು ಅಂಗಗಳನ್ನು ಲೆಕ್ಕಮಾಡುತ್ತಾನೆ. ಎಂದರೆ ಮಂಡಲವು ಹನ್ನೆರಡು ಚುಕ್ಕೆಗಳ ಚಿತ್ರವಲ್ಲ. ಒಂದೊಂದು ಚುಕ್ಕೆಯೊಳಗೂ ಮಂತ್ರಿಗಳು, ಜನಪದ, ಕೋಟೆ, ಬೊಕ್ಕಸ, ಸೇನೆಗಳಿವೆ. ಅವುಗಳನ್ನು ಅಳೆಯದೆ ಚುಕ್ಕೆಯ ಬಣ್ಣವನ್ನು ಹೇಳಲಾಗದು.

ಇನ್ನೂ ಒಂದು ವಿಷಯವುಂಟು. ಆ ಅಧ್ಯಾಯದ ಕೊನೆಯಲ್ಲಿ ಕೌಟಿಲ್ಯನು ಮಂಡಲವನ್ನು ಗಾಲಿಗೆ ಹೋಲಿಸುತ್ತಾನೆ. ವಿಜಿಗೀಷುವು ತಾನು ನಡುವಣ ನಾಭಿಯಾಗಬೇಕು. ಒಂದು ನಾಡನ್ನು ದಾಟಿ ಆಚೆಗಿರುವ ರಾಜರು ಹೊರಸುತ್ತಿನ ನೇಮಿ. ಗಡಿಗೆ ತಾಗಿದ ನೆರೆಯರಾದರೋ, ನಾಭಿಯಿಂದ ನೇಮಿಗೆ ಚಾಚಿದ ಅರಗಳು. ನೆರೆಯವರೆಲ್ಲರೂ ಕೇವಲ ಶತ್ರುಗಳೇ ಆಗಿದ್ದರೆ ಅವರನ್ನು ತನ್ನ ಗಾಲಿಯ ಅರಗಳೆಂದು ಹೇಳುವುದು ಹೇಗೆ? ಅರವಿಲ್ಲದ ಗಾಲಿಯು ಉರುಳುವುದುಂಟೆ? ಕರಿಹಲಗೆಯ ಮೇಲೆ ಬರೆಯುವ ಸುತ್ತುವೃತ್ತಗಳಲ್ಲಿ ಈ ಅರಗಳಿಗೆ ಸ್ಥಳವೇ ಇಲ್ಲ. ಗ್ರಂಥಕಾರನೇ ಕೊಟ್ಟ ಉಪಮೆಯನ್ನು ಬಿಟ್ಟು, ಅವನು ಕೊಡದ ಚಿತ್ರವನ್ನು ಅವನ ಹೆಸರಿನಲ್ಲಿ ಬರೆಯುವುದು ವಿಚಿತ್ರವೇ ಸರಿ.

ಮುಂದಿನ ಷಾಡ್ಗುಣ್ಯಾಧಿಕರಣದಲ್ಲಿ ಹದಿನೆಂಟು ಅಧ್ಯಾಯಗಳಿವೆ. ಅದರ ಕೊನೆಯಲ್ಲಿ ಕೌಟಿಲ್ಯನು ಸಾಮಂತರನ್ನು, ಎಂದರೆ ಗಡಿಗೆ ತಾಗಿದವರನ್ನು, ಅರಿಭಾವಿ, ಮಿತ್ರಭಾವಿ, ಭೃತ್ಯಭಾವಿ ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ನೆರೆತನವು ಹಗೆತನಕ್ಕೆ ಅವಕಾಶ ಮಾತ್ರ; ಹಗೆಯಾಗುವುದೂ ಗೆಳೆಯನಾಗುವುದೂ ಆತನ ಭಾವ, ಬಲ, ಲಾಭಗಳನ್ನು ಅವಲಂಬಿಸಿದೆ. ಭೂತಾನವನ್ನು ಹೊರತೆಂದ ವಿದ್ಯಾರ್ಥಿಯು ಈ ಅಧ್ಯಾಯವನ್ನು ಓದಿರಲಾರನು, ಓದಿದ್ದರೆ ಹೊರತೆನ್ನುತ್ತಿರಲಿಲ್ಲ. ೧೯೪೯ರ ಒಡಂಬಡಿಕೆಯಲ್ಲಿ ಪರರಾಷ್ಟ್ರವ್ಯವಹಾರಕ್ಕೆ ಭಾರತದ ಸಲಹೆಯನ್ನು ಅನುಸರಿಸಲು ಒಪ್ಪಿದ್ದ ಆ ರಾಜ್ಯವು ೨೦೦೭ರ ಹೊಸ ಒಡಂಬಡಿಕೆಯಲ್ಲಿ ಆ ಕಟ್ಟನ್ನು ಕಳಚಿಕೊಂಡೂ ಮಿತ್ರನಾಗಿ ಉಳಿಯಿತು. ಇದು ಒಂದು ಭಾವದಿಂದ ಇನ್ನೊಂದಕ್ಕೆ ಸರಿದುದಕ್ಕೆ ನಿದರ್ಶನವಾಗಿ ಶಾಸ್ತ್ರದೊಳಗೇ ಸಲ್ಲುತ್ತದೆ. ೧೮೭೦, ೧೯೧೪, ೧೯೩೯ ಹೀಗೆ ಮೂರು ಸಲ ಕಾದಾಡಿದ ಫ್ರಾನ್ಸ್ ಜರ್ಮನಿಗಳು ೧೯೬೩ರಲ್ಲಿ ಸಖ್ಯದ ಒಡಂಬಡಿಕೆ ಮಾಡಿಕೊಂಡುದೂ ಹಾಗೆಯೇ. ೧೯೪೭ರಲ್ಲಿ ಪಾಕಿಸ್ತಾನವು ಸಂಯುಕ್ತರಾಷ್ಟ್ರಸಂಸ್ಥೆಯನ್ನು ಸೇರುವಾಗ ಅಫಘಾನಿಸ್ತಾನವೊಂದೇ ವಿರುದ್ಧವಾಗಿ ಮತವಿತ್ತಿತೆಂಬ ಸಂಗತಿಯನ್ನು ಚಿತ್ರಪ್ರಿಯರು ಬಹಳ ಸಂತೋಷದಿಂದ ಹೇಳುವರು. ಮರುತಿಂಗಳೇ ಅದು ಆ ವಿರೋಧವನ್ನು ಹಿಂದೆಗೆದುಕೊಂಡಿತೆಂಬುದನ್ನು ಹೇಳುವುದಿಲ್ಲ.

ಇಂದಿನ ರಾಜ್ಯಗಳ ಮಾತು ಬೇಡವೆನ್ನುವವರಿಗೆ ನಮ್ಮ ಶಾಸನಗಳೇ ಸಾಕು. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯು ಕ್ರಿ.ಶ. ೬೩೪ರಲ್ಲಿ ಬರೆದ ಪ್ರಶಸ್ತಿಯನ್ನು ನೋಡಿರಿ. ಇಮ್ಮಡಿ ಪುಲಕೇಶಿಯು ಪಲ್ಲವನನ್ನು ಕಂಚಿಯ ಕೋಟೆಯೊಳಗೆ ಅಡಗಿಸಿ, ಕಾವೇರಿಯನ್ನು ದಾಟಿ, ಚೋಳ ಕೇರಳ ಪಾಂಡ್ಯರಿಗೆ ಅಭ್ಯುದಯಕಾರಿಯಾದನೆಂದು ಅದರಲ್ಲಿದೆ. ನೆರೆಯವನು ಹಗೆ, ಹಗೆಯ ಆಚೆಯವರು ಗೆಳೆಯರು: ಪಾಠಪುಸ್ತಕಕ್ಕೆ ಇದಕ್ಕಿಂತ ಒಪ್ಪವಾದ ನಿದರ್ಶನವು ಬೇಕೆ? ಮುನ್ನೂರು ವರುಷಗಳ ಮೇಲೆ ಅದೇ ನೆಲದಲ್ಲಿ ಚಿತ್ರವು ತಲೆಕೆಳಗಾಯಿತು. ರಾಷ್ಟ್ರಕೂಟರಿಗೆ ತೆಂಕಣ ನೆರೆಯವರು ತಲಕಾಡಿನ ಗಂಗರು. ಧ್ರುವನೂ ಮೂರನೆಯ ಗೋವಿಂದನೂ ಗಂಗ ಶಿವಮಾರನನ್ನು ಸೆರೆಯಲ್ಲಿಟ್ಟವರು. ಅನಂತರ ಅಮೋಘವರ್ಷನು ತನ್ನ ಮಗಳನ್ನು ಗಂಗ ಬೂತುಗನಿಗೆ ಕೊಟ್ಟನು. ಮುಂದೆ ಇಮ್ಮಡಿ ಬೂತುಗನು ಮೂರನೆಯ ಕೃಷ್ಣನ ಅಕ್ಕ ರೇವಕನಿಮ್ಮಡಿಯನ್ನು ಮದುವೆಯಾದನು. ೯೪೯ರಲ್ಲಿ ತಕ್ಕೋಲದ ಕಾಳಗದಲ್ಲಿ ಕೃಷ್ಣನಿಗಾಗಿ ಚೋಳ ರಾಜಾದಿತ್ಯನನ್ನು ಕೊಂದವನು ಈ ಬೂತುಗನೇ. ಚಿತ್ರದಂತಾದರೆ ಗಂಗನು ಹಗೆಯಾಗಿ ಆಚೆಯ ಚೋಳನು ಗೆಳೆಯನಾಗಬೇಕಿತ್ತು. ನಡೆದುದು ವಿಪರೀತ. ಭೃತ್ಯಭಾವಿಯೂ ಮಿತ್ರಭಾವಿಯೂ ಒಂದೇ ಮನೆತನದಲ್ಲಿ ಕೂಡಿದ್ದುದಕ್ಕೆ ಇದು ಸಾಕ್ಷಿ. ಈ ಕಾಳಗದ ಸುದ್ದಿಯನ್ನು ನಮಗೆ ಉಳಿಸಿಕೊಟ್ಟ ಆತಕೂರಿನ ಕಲ್ಲು ವಾಸ್ತವವಾಗಿ ಒಂದು ನಾಯಿಯ ಸ್ಮಾರಕವೆಂಬುದನ್ನು ಇಲ್ಲಿ ನೆನೆಯದಿರಲಾರೆನು. ಬೂತುಗನು ಮೆಚ್ಚಿ ಬೇಡಿದುದನ್ನು ಕೊಡುವೆನೆಂದಾಗ, ಮಣಲೇರನೆಂಬ ವೀರನು ನಾಡನ್ನಲ್ಲ, ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದನು. ಅದು ಕಾಡುಹಂದಿಯನ್ನು ಕೊಂದು ತಾನೂ ಸತ್ತಿತು. ಎರಡು ಸಾಮ್ರಾಜ್ಯಗಳ ಹಣೆಬರಹವು ನಾಯಿಯ ಕಲ್ಲಿನ ಪೀಠಿಕೆಯಾಗಿ ನಿಂತಿದೆ.

ಷಾಡ್ಗುಣ್ಯಾಧಿಕರಣದ ಒಳಗಿನ ತೂಕವನ್ನು ಇನ್ನು ಸ್ವಲ್ಪ ವಿಚಾರಿಸೋಣ. ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ ಎಂಬ ಆರು ಗುಣಗಳನ್ನು ಹೇಳುವಾಗಲೇ ಕೌಟಿಲ್ಯನು ಪೂರ್ವಾಚಾರ್ಯರೊಡನೆ ವಾದಕ್ಕಿಳಿಯುತ್ತಾನೆ. ಗುಣಗಳು ಎರಡೇ, ಸಂಧಿ ಮತ್ತು ವಿಗ್ರಹ, ಎಂದು ವಾತವ್ಯಾಧಿಯ ಮತ. ಸಂದರ್ಭಗಳು ಭಿನ್ನವಾದುದರಿಂದ ಆರೇ ಸರಿ ಎಂದು ಕೌಟಿಲ್ಯ. ಶಾಂತಿ ಇಲ್ಲವೆ ಯುದ್ಧ ಎಂಬ ಎರಡೇ ಬಾಗಿಲುಗಳನ್ನು ಕಾಣುವವನಿಗೂ, ನಡುವೆ ನಾಲ್ಕು ಬಾಗಿಲುಗಳನ್ನು ಕಾಣುವವನಿಗೂ ಇರುವ ಅಂತರವು ಸಾಮಾನ್ಯವಲ್ಲ. ಅಲ್ಲಿಂದ ಮುಂದಿನ ಅಧ್ಯಾಯದಲ್ಲಿ, ಸಂಧಿಯಿಂದಲೂ ವಿಗ್ರಹದಿಂದಲೂ ಸಮನಾದ ಲಾಭವು ಕಂಡಾಗ ಸಂಧಿಯನ್ನೇ ಹಿಡಿಯಬೇಕೆನ್ನುತ್ತಾನೆ; ವಿಗ್ರಹದಲ್ಲಿ ಜನನಾಶ, ಧನವ್ಯಯ, ಪರಸ್ಥಳವಾಸ, ವಿಘ್ನಗಳು ತಪ್ಪವೆಂಬುದೇ ಕಾರಣ. ಸಮಬಲರು ಕಾದಾಡಿದರೆ ಹಸಿಯ ಮಡಕೆಗೆ ಹಸಿಯ ಮಡಕೆಯು ತಗಲಿದಂತೆ ಎರಡೂ ಒಡೆಯುವುವೆಂದು ಮತ್ತೊಂದೆಡೆ ಹೇಳುತ್ತಾನೆ. ಇದು ಅಹಿಂಸೆಯ ಉಪದೇಶವಲ್ಲ, ಲೆಕ್ಕ. ಆದರೆ ಲೆಕ್ಕವು ಶಾಂತಿಯ ಕಡೆಗೆ ವಾಲಿರುವುದು ಪಾಠದಲ್ಲಿ ಏಕೆ ಬರಬಾರದು?

ಐದನೆಯ ಅಧ್ಯಾಯದ ಒಂದು ಪ್ರಶ್ನೆಯು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ಅನ್ಯಾಯದಿಂದ ನಡೆಯುವ ಬಲಿಷ್ಠನೊಬ್ಬ, ನ್ಯಾಯದಿಂದ ನಡೆಯುವ ದುರ್ಬಲನೊಬ್ಬ; ಇಬ್ಬರಲ್ಲಿ ಯಾರ ಮೇಲೆ ದಂಡೆತ್ತಬೇಕು? ಬಲಗಳನ್ನು ಮಾತ್ರ ತೂಗುವವನು ದುರ್ಬಲನನ್ನೇ ತೋರಿಸುವನು. ಕೌಟಿಲ್ಯನು ಬಲಿಷ್ಠನನ್ನು ತೋರಿಸುತ್ತಾನೆ. ಅನ್ಯಾಯದ ದೊರೆಗೆ ಆಪತ್ತು ಬಂದಾಗ ಪ್ರಜೆಗಳು ನೆರವಾಗರು, ಅವನನ್ನು ಹೊರದೂಡುವರು ಇಲ್ಲವೆ ಹಗೆಯನ್ನು ಸೇರುವರು. ನ್ಯಾಯದ ದೊರೆಯಾದರೋ ದುರ್ಬಲನಾದರೂ ಅವನ ಪ್ರಜೆಗಳು ಅವನೊಡನೆಯೇ ನಿಲ್ಲುವರು. ಅಲ್ಲಿಂದ ಅವನು ಪ್ರಜೆಗಳು ಬಡವರಾಗಿ, ಬಡತನದಿಂದ ಲುಬ್ಧರಾಗಿ, ಲೋಭದಿಂದ ವಿರಕ್ತರಾಗುವ ಕ್ರಮವನ್ನು ವಿಸ್ತರಿಸುತ್ತಾನೆ. ೧೯೭೯ರಲ್ಲಿ ಕೆನೆತ್ ವಾಲ್ಟ್ಸ್ ಪಂಡಿತನು ರಚಿಸಿದ, ಇಂದಿಗೂ ತರಗತಿಗಳಲ್ಲಿ ಬಹುವಾಗಿ ಓದಲ್ಪಡುವ, ಸಿದ್ಧಾಂತವು ರಾಜ್ಯಗಳ ಒಳಗನ್ನು ನೋಡಬೇಕಾಗಿಲ್ಲ, ಅವುಗಳ ನಡುವಣ ಬಲದ ಹಂಚಿಕೆಯನ್ನು ನೋಡಿದರೆ ಸಾಕೆಂಬ ನೆಲೆಯ ಮೇಲೆ ನಿಂತಿದೆ. ಆ ಸಿದ್ಧಾಂತಕ್ಕೆ ಕೌಟಿಲ್ಯನು ಪೂರ್ವಜನಲ್ಲ, ಪ್ರತಿವಾದಿ. ತೆರಿಗೆಯ ಅನ್ಯಾಯವೂ ಪರರಾಷ್ಟ್ರನೀತಿಯ ವಿಷಯವೆಂದು ನಂಬಿದ ಗ್ರಂಥವನ್ನು, ಅದನ್ನು ವಿಷಯವಲ್ಲವೆನ್ನುವ ಪಂಥದ ಗೋಡೆಗೆ ಪಟವಾಗಿ ತೂಗುಹಾಕಿದ್ದೇವೆ.

ಮ್ಯಾಕಿಯಾವೆಲ್ಲಿಯ ಹೋಲಿಕೆಗೂ ಇಷ್ಟೇ ಗಟ್ಟಿತನ. ಹದಿನೇಳನೆಯ ಅಧ್ಯಾಯದಲ್ಲಿ ಸಂಧಿಯ ಸ್ಥಿರತೆಯ ಚರ್ಚೆ ಬರುತ್ತದೆ. ಮಾತಿನಿಂದಲೂ ಆಣೆಯಿಂದಲೂ ಆದ ಸಂಧಿ ಅಸ್ಥಿರ, ಒತ್ತೆಯಿಟ್ಟು ಮಾಡಿದುದು ಸ್ಥಿರ ಎಂಬುದು ಆಚಾರ್ಯರ ಪಕ್ಷ. ಕೌಟಿಲ್ಯನು ಅಲ್ಲವೆನ್ನುತ್ತಾನೆ: ಆಣೆಯ ಸಂಧಿ ಇಹಕ್ಕೂ ಪರಕ್ಕೂ ಕಟ್ಟುವುದು, ಒತ್ತೆಯು ಇಹಕ್ಕೆ ಮಾತ್ರ, ಅದೂ ಬಲವಿರುವವರೆಗೆ. ಇದನ್ನು ಕಂಡು ಸಂತೋಷಪಟ್ಟು, ಕೌಟಿಲ್ಯನು ಧರ್ಮಿಷ್ಠನೆಂದು ಸಾಧಿಸಹೊರಡುವವರು ಅಧ್ಯಾಯದ ಉಳಿದ ಭಾಗವನ್ನೂ ಓದಬೇಕು. ಅಲ್ಲಿರುವುದು ಒತ್ತೆಯಾಗಿ ಹೋದ ರಾಜಪುತ್ರನನ್ನು ಕದ್ದು ತರುವ ಉಪಾಯಗಳು: ಸುರಂಗವನ್ನು ಅಗೆಯುವುದು, ನಟರ ಗಾಯಕರ ವೇಷದಲ್ಲಿ ಗೂಢಚಾರರನ್ನು ಹೊಗಿಸುವುದು, ಇತ್ಯಾದಿ. ಸತ್ಯದ ಮಹಿಮೆಯೂ ಸುರಂಗವೂ ಒಂದೇ ಅಧ್ಯಾಯದಲ್ಲಿ ನೆರೆಮನೆಯವರಂತೆ ಇವೆ. ಇದು ಗ್ರಂಥದ ದೋಷವೋ, ರಾಜ್ಯಗಳ ಸ್ವಭಾವದ ಸತ್ಯವೋ ಎಂಬುದೇ ತರಗತಿಯಲ್ಲಿ ಚರ್ಚಿಸತಕ್ಕ ಪ್ರಶ್ನೆ. ಒಂದು ಭಾಗವನ್ನು ಮುಚ್ಚಿ ವೇಬರನ ಮಾತನ್ನು ಒಪ್ಪಿಸುವುದೂ, ಇನ್ನೊಂದನ್ನು ಮುಚ್ಚಿ ಸ್ತೋತ್ರ ಮಾಡುವುದೂ ಒಂದೇ ತೂಕದ ಅಪಚಾರ.

ಸ್ತೋತ್ರದ ಮಾತು ಬಂದುದರಿಂದ ಹೇಳಬೇಕಾಗಿದೆ. ಪಾಶ್ಚಾತ್ಯರ ತಪ್ಪನ್ನು ತೋರಿಸಿದೊಡನೆ, ಈ ಶಾಸ್ತ್ರವೆಲ್ಲವೂ ನಮ್ಮಲ್ಲಿ ಎರಡು ಸಾವಿರದ ಮುನ್ನೂರು ವರುಷಗಳ ಹಿಂದೆಯೇ ಇದ್ದಿತೆಂದು ಬೀಗುವವರು ನಮ್ಮಲ್ಲಿ ಕಡಮೆಯಿಲ್ಲ. ಶಾಮಶಾಸ್ತ್ರಿಗಳು ಗ್ರಂಥವನ್ನು ಚಂದ್ರಗುಪ್ತ ಮೌರ್ಯನ ಕಾಲಕ್ಕೆ ಇಟ್ಟುದು ನಿಜ. ಆದರೆ ೧೯೭೧ರಲ್ಲಿ ಟ್ರೌಟ್‌ಮನ್ ಪಂಡಿತನು ಪದಗಳ ಬಳಕೆಯನ್ನು ಎಣಿಸಿ ಗ್ರಂಥವು ಒಂದೇ ಕೈಯದಲ್ಲವೆಂದು ತೋರಿಸಿದನು. ಆಲಿವೆಲ್ ಪಂಡಿತನು ೨೦೧೩ರ ಅನುವಾದದಲ್ಲಿ ಮೂಲರಚನೆಯನ್ನು ಕ್ರಿಸ್ತಶಕದ ಆರಂಭದ ಆಚೀಚೆಗೂ, ಪರಿಷ್ಕಾರವನ್ನು ಇನ್ನೂ ಈಚೆಗೂ ತಂದಿದ್ದಾನೆ. ಗ್ರಂಥದೊಳಗೆ ಮೌರ್ಯರ ಹೆಸರಿಲ್ಲ, ಪಾಟಲಿಪುತ್ರದ ಹೆಸರಿಲ್ಲ. ಅದು ಕಲ್ಪಿಸುವ ರಾಜ್ಯವು ಹಿಂದೂಕುಷದವರೆಗೆ ಹಬ್ಬಿದ ಸಾಮ್ರಾಜ್ಯವಲ್ಲ. ಸುತ್ತಲೂ ಸಮಾನರನ್ನು ಹೊಂದಿದ, ಬೊಕ್ಕಸವನ್ನು ಎಚ್ಚರದಿಂದ ಎಣಿಸುವ ನಡುತರದ ನಾಡು. ಅಂತಹ ನಾಡುಗಳ ಚರಿತ್ರೆಯನ್ನೇ ನಾವು ದಖನ್ನಿನಲ್ಲಿ ಓದುತ್ತೇವೆ. ಆದಕಾರಣವೇ ಈ ಶಾಸ್ತ್ರವು ಇಲ್ಲಿ ಸತ್ತ ವಿದ್ಯೆಯಾಗಿರಲಿಲ್ಲ. ತಕ್ಕೋಲದ ಕಾಳಗಕ್ಕೆ ಹತ್ತು ವರುಷಗಳ ಮೇಲೆ, ೯೫೯ರಲ್ಲಿ, ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಯು, ಆಗ ಮೂರನೆಯ ಕೃಷ್ಣನು ಚೋಳಾದಿಗಳನ್ನು ಗೆದ್ದು ಮೇಲ್ಪಾಡಿಯಲ್ಲಿ ಬೀಡುಬಿಟ್ಟಿದ್ದನೆಂದು ಹೇಳುತ್ತಾನೆ. ಪಂಪನ ಆಶ್ರಯದಾತನಾದ ಅರಿಕೇಸರಿಯ ಮಗನ ಆಶ್ರಯದಲ್ಲಿದ್ದ ಈ ಜೈನಯತಿಯೇ ಕೌಟಿಲ್ಯನನ್ನು ಹೆಜ್ಜೆಹೆಜ್ಜೆಗೂ ಅನುಸರಿಸಿ ನೀತಿವಾಕ್ಯಾಮೃತವನ್ನು ಬರೆದನು. ಷಾಡ್ಗುಣ್ಯಕ್ಕೆ ಅದರಲ್ಲಿ ಪ್ರತ್ಯೇಕ ಸಮುದ್ದೇಶವಿದೆ. ಅಂತರರಾಷ್ಟ್ರೀಯ ರಾಜನೀತಿಯ ಯಾವ ಪಠ್ಯಕ್ರಮದಲ್ಲಿಯೂ ಇವನ ಹೆಸರನ್ನು ನಾನು ಕಂಡಿಲ್ಲ.

ಬೋಧಕರಿಗೆ ಕೈಗೆ ಸಿಗುವ ಪ್ರತಿಯ ವಿಷಯವಾಗಿ ಒಂದು ಮಾತು. ತರಗತಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ರಾಯಭಾರಿಯಾಗಿದ್ದ ಎಲ್. ಎನ್. ರಂಗರಾಜನ್ ಅವರ ಇಂಗ್ಲಿಷ್ ಅನುವಾದ. ಭಾಷೆ ತಿಳಿಯಾಗಿದೆ, ರಾಯಭಾರದ ಅನುಭವವಿದ್ದವರು ಮಾತ್ರ ಬರೆಯಬಲ್ಲ ಟಿಪ್ಪಣಿಗಳಿವೆ, ಸಾಮಂತರ ಮೂರು ಬಗೆಯನ್ನು ಅವರು ಮರೆತಿಲ್ಲ. ಆದರೆ ಇಂದಿನ ಓದುಗನ ಅನುಕೂಲಕ್ಕಾಗಿ ಅವರು ಮೂಲದ ಕ್ರಮವನ್ನು ಒಡೆದು ವಿಷಯಾನುಸಾರವಾಗಿ ಬೇರೆ ಜೋಡಿಸಿದ್ದಾರೆ. ಇದರಿಂದ ಆಚಾರ್ಯರ ಪಕ್ಷ, ಕೌಟಿಲ್ಯನ ಖಂಡನೆ, ಮುಂದಿನ ಪ್ರಶ್ನೆ ಎಂಬ ವಾದದ ಹರಿವು ಕಡಿದುಹೋಗಿ, ವಾದವಾಗಿದ್ದುದು ತೀರ್ಮಾನಗಳ ಕೋಶವಾಗಿ ಕಾಣುತ್ತದೆ. ೧೯೬೦ರಿಂದ ೧೯೬೫ರವರೆಗೆ ಹೊರಬಂದ ಕಾಂಗ್ಲೆಯವರ ಪರಿಷ್ಕೃತಪಾಠವೂ ಅನುವಾದವೂ ಅಷ್ಟು ಸುಲಭವಲ್ಲ. ಕ್ರಮವಾದರೋ ಅಲ್ಲಿ ಉಳಿದಿದೆ. ಸಂಸ್ಕೃತ ಬಲ್ಲ ಒಬ್ಬರೂ ರಾಜ್ಯಶಾಸ್ತ್ರ ಬಲ್ಲ ಒಬ್ಬರೂ ಒಂದೇ ಕೊಠಡಿಯಲ್ಲಿ ಕೂತು ಕಾಂಗ್ಲೆಯವರ ಪಾಠದಿಂದ ಏಳನೆಯ ಅಧಿಕರಣದ ಮೂರು ಅಧ್ಯಾಯಗಳನ್ನು, ಎರಡನೆಯದು, ಐದನೆಯದು, ಹದಿನೇಳನೆಯದು ಇಷ್ಟನ್ನು, ಮೊದಲಿನಿಂದ ಕೊನೆಯವರೆಗೆ ಓದಿಸಲಿ. ವೃತ್ತಗಳನ್ನು ಬರೆಯುವುದಿದ್ದರೆ ಅದು ಮುಗಿದ ಮೇಲೆ, ಅರಗಳನ್ನು ಸೇರಿಸಿ ಬರೆಯಲಿ.